‘ಒಳಗೆ’ ಅನ್ನೋಕೆ ಬೈ, ವಿದಿನ್, ಅಂಟಿಲ್: ಯಾವುದು ಎಲ್ಲಿ?

ಪ್ರಶ್ನೆ:
‘ಐದು ಗಂಟೆ ಒಳಗೆ ಕಳಿಸಿ’ ಅನ್ನೋದನ್ನ ಇಂಗ್ಲಿಷ್ ಮೇಲ್‌ನಲ್ಲಿ ಹೇಗೆ ಬರೆಯೋದು? ಬೈ, ವಿದಿನ್, ಅಂಟಿಲ್ ಮೂರೂ ಸರಿ ಅನ್ನಿಸುತ್ತೆ. ‘ಸೆಂಡ್ ಇಟ್ ಅಂಟಿಲ್ ಫೈವ್’ ತಪ್ಪಂತೆ, ಯಾಕೆ?

ಉತ್ತರ 1:
ತಕರಾರು ನಮ್ಮ ‘ಗಂಟೆ’ಯದ್ದೇ. ‘ಐದು ಗಂಟೆ ಒಳಗೆ’ ಅಂದ್ರೆ ಗಡಿಯಾರದಲ್ಲಿ ಐದಾಗೋದ್ರೊಳಗೆ ಅಂತಲೂ ಆಯ್ತು, ಈಗಿಂದ ಐದು ತಾಸಿನೊಳಗೆ ಅಂತಲೂ ಆಯ್ತು. ಇಂಗ್ಲಿಷಲ್ಲಿ ಮೊದಲನೆಯದು ‘ಬೈ ಫೈವ್ ಓಕ್ಲಾಕ್’, ಎರಡನೆಯದು ‘ವಿದಿನ್ ಫೈವ್ ಅವರ್ಸ್’. ಬೆಳಿಗ್ಗೆ 11ಕ್ಕೆ ಮೇಲ್ ಹೋದ್ರೆ ಮೊದಲನೆಯದರ ಗಡುವು ಸಂಜೆ 5, ಎರಡನೆಯದರದ್ದು 4. ಮುಂದೆ ಬರೋದು ತಾರೀಕು, ವಾರದ ದಿನ, ಗಡಿಯಾರದ ಹೊತ್ತು ಆದ್ರೆ ಬೈ. ಎಷ್ಟು ದಿನ, ಎಷ್ಟು ತಾಸು ಅನ್ನೋ ಅಳತೆ ಆದ್ರೆ ವಿದಿನ್. ‘ವಿದಿನ್ ಫ್ರೈಡೇ’ ಅಂತ ಬರೀಬೇಡಿ.

ಉತ್ತರ 2:
ಅಂಟಿಲ್‌ಗೆ ಕನ್ನಡದಲ್ಲೇ ಒಂದು ಪರೀಕ್ಷೆ ಇದೆ. ಕ್ರಿಯಾಪದಕ್ಕೆ ‘ತ್ತಾ ಇರು’ ಸೇರಿಸಿ ನೋಡಿ. ‘ಐದರ ತನಕ ಕಾಯ್ತಾ ಇರು’ ಸರಿಹೋಗುತ್ತೆ, ಹಾಗಾಗಿ ‘ವೇಟ್ ಅಂಟಿಲ್ ಫೈವ್’. ‘ಐದರ ತನಕ ಕಳಿಸ್ತಾ ಇರು’ ಅಂದ್ರೆ ಒಂದೇ ಫೈಲನ್ನ ಮತ್ತೆ ಮತ್ತೆ ಕಳಿಸೋ ಹಾಗೆ! ಸೆಂಡ್, ಸಬ್‌ಮಿಟ್, ಫಿನಿಶ್, ರೀಚ್ ಒಂದೇ ಸಲಕ್ಕೆ ಮುಗಿಯೋ ಕೆಲಸ, ಅವಕ್ಕೆ ಬೈ.

‘ನಾಟ್’ ಬಂದಾಗ ಮಾತ್ರ ಈ ಪರೀಕ್ಷೆ ಕೈಕೊಡುತ್ತೆ. ‘ಹಿ ಡಿಡ್ ನಾಟ್ ಕಮ್ ಅಂಟಿಲ್ ಫೈವ್’ ಸರಿಯಾದ ವಾಕ್ಯ. ಐದಕ್ಕೆ ಬಂದ ಅಂತ ಅದರಲ್ಲೇ ಅಡಗಿದೆ. ‘ಹಿ ಹ್ಯಾಡ್ ನಾಟ್ ಕಮ್ ಬೈ ಫೈವ್’ ಅಂದ್ರೆ ಐದಾದರೂ ಬಂದಿರಲಿಲ್ಲ ಅಷ್ಟೇ, ಆಮೇಲೆ ಬಂದನೋ ಇಲ್ಲವೋ ಹೇಳೋದಿಲ್ಲ.

ಉತ್ತರ 3:
‘ಬೈ ಫ್ರೈಡೇ’ ಅಂದ್ರೆ ಸಾಮಾನ್ಯವಾಗಿ ಶುಕ್ರವಾರವೂ ಸೇರಿತು. ‘ಬಿಫೋರ್ ಫ್ರೈಡೇ’ ಅಂದ್ರೆ ಗುರುವಾರವೇ ಕೊನೆ. ಜಗಳ ಬೇಡ ಅಂದ್ರೆ ‘ಬೈ 5 ಪಿಎಂ ಆನ್ ಫ್ರೈಡೇ’ ಅಂತ ಹೊತ್ತನ್ನೂ ಹಾಕಿಬಿಡಿ.

ಇನ್ನೊಂದು: ‘ಹತ್ತು ನಿಮಿಷ ಬಿಟ್ಟು ಬರ್ತೀನಿ’ ಅನ್ನೋಕೆ ‘ಆಫ್ಟರ್ ಟೆನ್ ಮಿನಿಟ್ಸ್’ ಅಂತೀವಲ್ಲ, ಅಲ್ಲಿ ಸಹಜವಾಗಿ ಬರೋದು ‘ಇನ್ ಟೆನ್ ಮಿನಿಟ್ಸ್’. ವಿದಿನ್ ಹಾಕಿದ್ರೆ ಹತ್ತು ಮೀರಲ್ಲ, ಮೂರಕ್ಕೇ ಬಂದ್ರೂ ಬಂದೆ ಅಂತ.

ಪ್ರಶ್ನೆ ಕೇಳಿದವರು:
ಹಾಗಾದ್ರೆ ‘ಅರ್ಜಿ ಸಲ್ಲಿಸಲು ಶುಕ್ರವಾರದವರೆಗೆ ಅವಕಾಶವಿದೆ’ ಅನ್ನೋದಕ್ಕೆ? ಸಲ್ಲಿಸೋದು ಒಂದೇ ಸಲ, ಆದ್ರೆ ‘ವರೆಗೆ’ ಇದೆಯಲ್ಲ.

ಉತ್ತರ 2 ಬರೆದವರು:
ಅಲ್ಲಿ ಶುಕ್ರವಾರದವರೆಗೆ ಇರೋದು ಅವಕಾಶ, ಸಲ್ಲಿಕೆಯಲ್ಲ. ಹಾಗಾಗಿ ‘ಯು ಹ್ಯಾವ್ ಅಂಟಿಲ್ ಫ್ರೈಡೇ ಟು ಅಪ್ಲೈ’. ಅರ್ಜಿದಾರರಿಗೆ ನೇರವಾಗಿ ಹೇಳೋದಾದ್ರೆ ‘ಅಪ್ಲೈ ಬೈ ಫ್ರೈಡೇ’. ಕಚೇರಿ ಕಡೆಯಿಂದಾದ್ರೆ ‘ವಿ ವಿಲ್ ಅಕ್ಸೆಪ್ಟ್ ಅಪ್ಲಿಕೇಶನ್ಸ್ ಅಂಟಿಲ್ ಫ್ರೈಡೇ’, ಯಾಕಂದ್ರೆ ಅವರು ಅಲ್ಲಿತನಕ ತಗೊಳ್ತಾನೇ ಇರ್ತಾರೆ.