ಹವಾಮಾನ ಇಲಾಖೆಯವರಿಗೆ ಕ್ಲೈಮೇಟ್ ಫಂಡ್ ತರಲು ಕಲಿಸುವ ಕೋರ್ಸ್: ಹೇಗೆ ಕಟ್ಟುವುದು?

ಕದ್ರಿಗುಡ್ಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಆನ್‌ಲೈನ್ ಕೋರ್ಸ್ ತಯಾರಿಸುವ ಕೆಲಸದಲ್ಲಿದ್ದೇನೆ. ಇಷ್ಟು ದಿನ ಬ್ಯಾಂಕಿನವರಿಗೆ, ನರ್ಸ್‌ಗಳಿಗೆ ಮಾಡಿಕೊಟ್ಟದ್ದೇ ಜಾಸ್ತಿ. ಈಗ ಬಂದಿರುವುದು ಬೇರೆ ಥರದ ಕೆಲಸ. ಪೆಸಿಫಿಕ್‌ನ ಸಣ್ಣ ದ್ವೀಪ ದೇಶಗಳು ಮತ್ತು ಆಫ್ರಿಕಾದ ಕೆಲವು ದೇಶಗಳ ಹವಾಮಾನ ಇಲಾಖೆಯ ಅಧಿಕಾರಿಗಳಿಗೆ ಆರು ವಾರದ ಕೋರ್ಸ್. ಗ್ರೀನ್ ಕ್ಲೈಮೇಟ್ ಫಂಡ್ (ಜಿಸಿಎಫ್), ಅಡಾಪ್ಟೇಶನ್ ಫಂಡ್, ಹವಾಮಾನ ವೀಕ್ಷಣೆಗೆ ಹಣ ಕೊಡುವ ಸೋಫ್, ಇಂಥ ಅಂತರರಾಷ್ಟ್ರೀಯ ಫಂಡ್‌ಗಳಿಂದ ತಮ್ಮ ಇಲಾಖೆಗೆ ಹಣ ತರುವುದನ್ನು ಅವರು ಕಲಿಯಬೇಕು.

ನನ್ನ ಕೈಗೆ ಕೊಟ್ಟಿರುವುದು ಬರೀ ಸ್ಲೈಡ್‌ಗಳು. ಈ ಫಂಡ್ ಯಾವಾಗ ಶುರುವಾಯಿತು, ಕಚೇರಿ ಎಲ್ಲಿ, ಬೋರ್ಡಿನಲ್ಲಿ ಎಷ್ಟು ಜನ, ಹೀಗೆ. ಕೊನೆಗೆ ಒಂದು ಕ್ವಿಜ್, ಪಾಸಾದರೆ ಸರ್ಟಿಫಿಕೇಟ್. ಇದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಜಿಸಿಎಫ್ ಕಚೇರಿ ದಕ್ಷಿಣ ಕೊರಿಯಾದ ಸೊಂಗ್ಡೊದಲ್ಲಿ ಉಂಟು ಅಂತ ಗೊತ್ತಾದ ಮಾತ್ರಕ್ಕೆ ಯಾರಿಗಾದರೂ ಅರ್ಜಿ ಬರೆಯಲಿಕ್ಕೆ ಬರುತ್ತದಾ?

ಈ ಕೆಲಸ ಚೆನ್ನಾಗಿ ಆಗಬೇಕು ಅಂತ ನನಗೆ ನಿಜವಾಗಿ ಆಸೆ ಉಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಚಿಕ್ಕಪ್ಪನ ಬೋಟ್ ಮೊದಲೇ ಮಲ್ಪೆ ಬಂದರಿಗೆ ವಾಪಸ್ ಬಂದಿತ್ತು. ಮುನ್ಸೂಚನೆ ದಿನಗಳ ಮೊದಲೇ ಸಿಕ್ಕಿತ್ತು, ಅದಕ್ಕೆ. ಆ ಸೂಚನೆ ಕೊಡಲು ಬೇಕಾದ ಯಂತ್ರಗಳೇ ಇಲ್ಲದ ದೇಶಗಳಿಗೆ ಈಗ ನಾನು ಪಾಠ ಮಾಡಬೇಕು.

ಹವಾಮಾನ ಕೆಲಸ ಗೊತ್ತಿರುವವರು, ಪ್ರಾಜೆಕ್ಟ್ ಬರೆದು ಅನುಭವ ಇರುವವರು ಇದ್ದರೆ ಹೇಳಿ: ಈ ಅಧಿಕಾರಿಗಳಿಗೆ ನಿಜವಾಗಿ ಎಲ್ಲಿ ತೊಡಕಾಗುತ್ತದೆ?

ಬ್ರಹ್ಮಾವರ_ಗದ್ದೆ:

ಒಂದೇ ಮಾತು. ಸ್ಲೈಡ್ ಮುಟ್ಟುವ ಮೊದಲು ಆ ಅಧಿಕಾರಿಗಳಲ್ಲಿ ನಾಲ್ಕೈದು ಜನರಿಗೆ ಫೋನ್ ಮಾಡಿ. ಇದುವರೆಗೆ ಹಣಕ್ಕೆ ಅರ್ಜಿ ಹಾಕಿದ್ದೀರಾ, ಹಾಕಿದ್ದರೆ ಎಲ್ಲಿ ನಿಂತುಹೋಯಿತು ಅಂತ ಕೇಳಿ. ಅವರು ಹೇಳುವುದೇ ನಿಮ್ಮ ಸಿಲೆಬಸ್.

ಪಣಂಬೂರು_ನಿವೃತ್ತ:

ನಾನು ಹವಾಮಾನ ವೀಕ್ಷಣೆಯ ಕೆಲಸ ಮಾಡಿ ನಿವೃತ್ತನಾದವನು. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿಡುವ ಕೆಲಸ. ನಿಮ್ಮ ಪ್ರಶ್ನೆ ನೋಡಿ ಸಂತೋಷವಾಯಿತು. ಈ ವಿಷಯ ಕೇಳುವವರೇ ಕಡಿಮೆ.

ನಮ್ಮವರಿಗೆ ತೊಡಕಾಗುವುದು ಯಂತ್ರದ ಪಟ್ಟಿ ಮಾಡುವುದರಲ್ಲಿ ಅಲ್ಲ. ಪಟ್ಟಿ ಮಾಡಲು ಹೇಳಿದರೆ ಒಂದೇ ರಾತ್ರಿಯಲ್ಲಿ ಮಾಡಿಕೊಡುತ್ತಾರೆ. ರೇಡಾರ್ ಬೇಕು, ಸ್ವಯಂಚಾಲಿತ ಕೇಂದ್ರ ಬೇಕು, ಬಲೂನ್ ಬೇಕು. ಅದು ಬಂದ ಮೇಲೆ ಹತ್ತು ವರ್ಷ ನಡೆಸಲು ಎಷ್ಟು ಬೇಕು ಅಂತ ಯಾರೂ ಬರೆಯುವುದಿಲ್ಲ. ಬೋಟ್ ಕೊಳ್ಳಲು ಸಾಲ ಸಿಕ್ಕಿ ಡೀಸೆಲಿಗೆ ಕಾಸಿಲ್ಲದ ಹಾಗೆ. ಪ್ರಾಜೆಕ್ಟ್ ಮುಗಿದ ಮೇಲೆ ಬ್ಯಾಟರಿ ಸತ್ತು, ಸೆನ್ಸರ್ ಮೇಲೆ ಉಪ್ಪು ಕೂತು, ಸಿಮ್ ರೀಚಾರ್ಜ್ ಇಲ್ಲದೆ ಸುಮ್ನೆ ನಿಂತಿರುವ ಕೇಂದ್ರವನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕಡಲ ತಡಿಯಲ್ಲಂತೂ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು.

ಸೋಫ್ ಯಾಕೆ ಹುಟ್ಟಿತು ಅಂತ ಅವರಿಗೆ ಈ ದಾರಿಯಲ್ಲಿ ಹೇಳಿ. ಎಲ್ಲ ದೇಶಗಳೂ ಕನಿಷ್ಠ ಇಷ್ಟು ವೀಕ್ಷಣೆ ಮಾಡಲೇಬೇಕು ಅಂತ ವಿಶ್ವ ಹವಾಮಾನ ಸಂಸ್ಥೆ ಒಂದು ಜಾಲ ನಿಗದಿ ಮಾಡಿದೆ. ಅದಕ್ಕೆ ಜಿಬಾನ್ ಅನ್ನುತ್ತಾರೆ. ನೆಲದ ಮೇಲೆ 200 ಕಿಲೋಮೀಟರಿಗೆ ಒಂದು ಕೇಂದ್ರ, ಗಂಟೆಗೊಮ್ಮೆ ಮಾಹಿತಿ. ಮೇಲಿನ ಗಾಳಿ ಅಳೆಯಲು 500 ಕಿಲೋಮೀಟರಿಗೆ ಒಂದು, ದಿನಕ್ಕೆ ಎರಡು ಬಲೂನ್. ಪ್ರತಿ ಬಲೂನಿಗೂ ಗ್ಯಾಸ್ ಬೇಕು, ಬಲೂನಿಗೆ ಕಟ್ಟಿ ಬಿಡುವ ಅಳತೆಯ ಯಂತ್ರ, ರೇಡಿಯೋಸಾಂಡ್, ಹೊಸತು ಬೇಕು. ಹಾರಿಸಿದ ಮೇಲೆ ಅದು ಹೆಚ್ಚಾಗಿ ವಾಪಸ್ ಸಿಗುವುದಿಲ್ಲ. ಬಡ ದೇಶ ಇದನ್ನು ವರ್ಷವಿಡೀ ಹೇಗೆ ನಡೆಸೀತು? ಅದಕ್ಕೇ ಸೋಫ್ ಮೂರು ಹಂತದಲ್ಲಿ ಕೆಲಸ ಮಾಡುತ್ತದೆ: ತಯಾರಿ, ಹೂಡಿಕೆ, ಆಮೇಲೆ ನಡೆಸುವ ಖರ್ಚು. ಕೊನೆಯ ಹಂತದಲ್ಲಿ ಮಾಹಿತಿ ನಿಜವಾಗಿ ಹರಿದು ಬಂದರೆ ಮಾತ್ರ ಹಣ. ನನಗೆ ತುಂಬ ಹಿಡಿಸಿದ ಪದ್ಧತಿ ಇದು.

ಇನ್ನೊಂದು. ಕೋರ್ಸ್ ಯಾವ ತಿಂಗಳು ಇಡುತ್ತೀರಿ ಅಂತ ಮೊದಲು ನೋಡಿ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಸಾಹೆಲ್ ಭಾಗದ ಆಫ್ರಿಕಾದಲ್ಲಿ ಜೂನಿನಿಂದ ಸೆಪ್ಟೆಂಬರ್ ಮಳೆಗಾಲ. ಚಂಡಮಾರುತ ಎದ್ದ ದಿನ ಮುನ್ಸೂಚಕ ಮನೆಗೇ ಹೋಗುವುದಿಲ್ಲ, ನಿಮ್ಮ ಪಾಠ ತೆರೆದು ನೋಡುತ್ತಾನಾ? ಸಾಧ್ಯವಾದರೆ ಎರಡು ಬ್ಯಾಚ್ ಮಾಡಿ.

ಕುಂದಾಪ್ರ_ಪ್ರಾಜೆಕ್ಟ್:

ಪಣಂಬೂರು ಸರ್ ಹೇಳಿದ್ದು ಅಕ್ಷರಶಃ ಸತ್ಯ. ನಾನು ಹಣದ ಕಡೆಯಿಂದ ಹೇಳುತ್ತೇನೆ. ಸಂಸ್ಥೆಗಳಿಗೆ ಪ್ರಾಜೆಕ್ಟ್ ಪ್ರಸ್ತಾವ ಬರೆದುಕೊಡುವುದೇ ನನ್ನ ಕೆಲಸ.

ಹವಾಮಾನ ಇಲಾಖೆಯವರು ಜಿಸಿಎಫ್‌ಗೆ ನೇರವಾಗಿ ಅರ್ಜಿ ಹಾಕಲಿಕ್ಕೆ ಆಗುವುದಿಲ್ಲ. ಮಾನ್ಯತೆ ಪಡೆದ ಸಂಸ್ಥೆಯೊಂದರ ಮೂಲಕವೇ ಹೋಗಬೇಕು. ನಮ್ಮಲ್ಲಿ ನಬಾರ್ಡ್ ಅಂಥದ್ದೊಂದು. ಅದರ ಜೊತೆಗೆ ದೇಶದ ಅಧಿಕೃತ ಪ್ರಾಧಿಕಾರ 'ನಮ್ಮ ಆಕ್ಷೇಪಣೆ ಇಲ್ಲ' ಅಂತ ಪತ್ರ ಕೊಡಬೇಕು. ಭಾರತದಲ್ಲಿ ಅದು ಕೇಂದ್ರ ಪರಿಸರ ಸಚಿವಾಲಯ. ಎಷ್ಟೋ ದೇಶಗಳಲ್ಲಿ ಹಣಕಾಸು ಸಚಿವಾಲಯ. ಆ ಕಚೇರಿಯವರ ಮುಖವನ್ನೇ ನೋಡದ ಹವಾಮಾನ ಅಧಿಕಾರಿಗಳು ಇರುತ್ತಾರೆ. ಹಾಗಾಗಿ ಕೋರ್ಸಿಗೆ ಇಲಾಖೆಯವರನ್ನು ಒಬ್ಬೊಬ್ಬರಾಗಿ ಸೇರಿಸಬೇಡಿ. ಪ್ರತಿ ದೇಶದಿಂದ ಇಬ್ಬರು ಬರಲಿ. ಒಬ್ಬರು ಹವಾಮಾನ ಇಲಾಖೆಯವರು, ಇನ್ನೊಬ್ಬರು ಆ ಪತ್ರ ಕೊಡುವ ಕಚೇರಿಯವರು. ಈ ಒಂದು ಷರತ್ತಿಗೆ ನೀವು ಗಟ್ಟಿಯಾಗಿ ನಿಂತರೆ ಅರ್ಧ ಕೆಲಸ ಮುಗಿಯಿತು.

ಎರಡನೆಯ ಗಂಟು, ಕ್ಲೈಮೇಟ್ ರ್‍ಯಾಷನಲ್. ಅಂದರೆ ಈ ಕೆಲಸಕ್ಕೆ ಕ್ಲೈಮೇಟ್ ಹಣವೇ ಯಾಕೆ ಬೇಕು ಅನ್ನುವ ಸಮರ್ಥನೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದದ್ದು ಎಲ್ಲರಿಗೂ ನೆನಪುಂಟು, ಅಲ್ವಾ? ಕಲ್ಸಂಕದ ಹತ್ತಿರ ರಸ್ತೆಯೇ ಹೊಳೆಯಾಗಿತ್ತು. ಅದರ ಫೋಟೋ ಹಾಕಿ ಹಣ ಕೊಡಿ ಅಂದರೆ ಫಂಡಿನವರು ಕೇಳುವುದು ಬೇರೆಯೇ. ನಿಮ್ಮ ಕರಾವಳಿಯಲ್ಲಿ ಮುಂಗಾರು ಮೂರು ಸಾವಿರ ಮಿಲಿಮೀಟರ್ ದಾಟುವುದು ಮಾಮೂಲು, ಹಾಗಿರುವಾಗ ಇದರಲ್ಲಿ ಹೊಸತೇನು? ಚರಂಡಿ ಮುಚ್ಚಿ ಕಟ್ಟಡ ಕಟ್ಟಿದ್ದರಿಂದ ಆಗಿರಬಹುದಲ್ಲ? ಅದಕ್ಕೆ ಉತ್ತರ ಬರೆಯಬೇಕಾದರೆ ಹಳೆಯ ದಾಖಲೆ ಬೇಕು. 1991ರಿಂದ 2020ರವರೆಗಿನ ಸರಾಸರಿಗೆ ಹೋಲಿಸಿ, ಒಂದೇ ದಿನದಲ್ಲಿ ಸುರಿಯುವ ಭಾರೀ ಮಳೆ ಹೇಗೆ ಬದಲಾಗಿದೆ ಅಂತ ತೋರಿಸಬೇಕು. ಮುಂದೆ ಏನಾಗಬಹುದು ಅಂತ ಮಾದರಿಗಳಿಂದ ತೆಗೆಯಬೇಕು. ಆ ಜಾಗದಲ್ಲಿ ಯಾರು ಇದ್ದಾರೆ, ಯಾರಿಗೆ ಪೆಟ್ಟು ಜಾಸ್ತಿ ಅಂತ ಬರೆಯಬೇಕು. ಇಷ್ಟಾದ ಮೇಲೆ ಪರಿಹಾರದ ಮಾತು.

ಇದರಲ್ಲಿ ಮೊದಲ ಭಾಗ ಬರೆಯಲು ಹವಾಮಾನ ಇಲಾಖೆಗಿಂತ ಸರಿಯಾದವರು ಇಡೀ ದೇಶದಲ್ಲಿ ಇಲ್ಲ. ನೀವು ಅವರಿಗೆ ಮೊದಲ ದಿನವೇ ಹೇಳಬೇಕಾದದ್ದು ಇದನ್ನು. ಹಣ ಬೇಡಲು ಬಂದವರು ಅಂತ ಅವರು ಕುಗ್ಗಿ ಕೂರುವುದು ಬೇಡ. ಕೃಷಿ, ನೀರಾವರಿ, ಆರೋಗ್ಯ, ಯಾವ ಇಲಾಖೆ ಅರ್ಜಿ ಹಾಕಿದರೂ ದಾಖಲೆಗೆ ಇವರ ಹತ್ತಿರವೇ ಬರಬೇಕು. ಹಾಗೆ ಬಂದಾಗ 'ನಮ್ಮ ಕೇಂದ್ರಗಳ ಖರ್ಚನ್ನೂ ನಿಮ್ಮ ಬಜೆಟ್ಟಿನಲ್ಲಿ ಸೇರಿಸಿ' ಅಂತ ಕೇಳುವ ಧೈರ್ಯ ಬರಬೇಕು.

ಓದಲು ಒಂದು ನಿಜವಾದ ಪ್ರಸ್ತಾವ ಕೊಡಿ. ಭಾರತದ ಕರಾವಳಿ ಸಮುದಾಯಗಳಿಗಾಗಿ 2018ರಲ್ಲಿ ಜಿಸಿಎಫ್ ಮಂಜೂರು ಮಾಡಿದ್ದು ಉಂಟು, ಯುಎನ್‌ಡಿಪಿ ಮೂಲಕ, ಸುಮಾರು 43 ಮಿಲಿಯನ್ ಡಾಲರ್ ಅನುದಾನ. ಆಂಧ್ರ, ಮಹಾರಾಷ್ಟ್ರ, ಒಡಿಶಾಕ್ಕೆ. ನಮ್ಮ ಕರ್ನಾಟಕ ಅದರಲ್ಲಿಲ್ಲ, ಅದು ನನಗೆ ಇವತ್ತಿಗೂ ಬೇಸರ. ಕಾಗದಪತ್ರ ಜಿಸಿಎಫ್ ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿದೆ. ಅದರಲ್ಲಿ ಸಮರ್ಥನೆಯ ಭಾಗ ಮಾತ್ರ ಓದಿಸಿ, ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ಅವರೇ ಗುರುತು ಹಾಕಲಿ.

ಮಣಿಪಾಲ_ಮೇಷ್ಟ್ರು:

ಮೇಲಿನ ಇಬ್ಬರೂ ವಿಷಯ ಕೊಟ್ಟಿದ್ದಾರೆ. ನಾನು ಪಾಠ ಕಟ್ಟುವ ಬಗ್ಗೆ ಮಾತ್ರ ಹೇಳುತ್ತೇನೆ.

ಕೊನೆಯಿಂದ ಶುರು ಮಾಡಿ. ಆರನೇ ವಾರದ ಕೊನೆಗೆ ಪ್ರತಿ ಜೋಡಿಯ ಕೈಯಲ್ಲಿ ತಮ್ಮದೇ ದೇಶದ ಕಾನ್ಸೆಪ್ಟ್ ನೋಟ್‌ನ, ಅಂದರೆ ಪೂರ್ತಿ ಪ್ರಸ್ತಾವಕ್ಕೆ ಮೊದಲು ಕೊಡುವ ಚಿಕ್ಕ ಟಿಪ್ಪಣಿಯ, ಕರಡು ಇರಬೇಕು. ಕೋರ್ಸ್ ಅಂದರೆ ಅದೇ. ಉಳಿದದ್ದೆಲ್ಲ ಆ ಕರಡಿಗೆ ಬೇಕಾದಷ್ಟೇ ಬರಲಿ. ಮೊದಲ ವಾರ ಸಮಸ್ಯೆಯ ಬಗ್ಗೆ ಒಂದೇ ಪುಟ. ಸಮರ್ಥನೆಗೆ ಎರಡು ವಾರ ಪೂರ್ತಿ ಬಿಡಿ, ಕುಂದಾಪ್ರದವರು ಹೇಳಿದ ಹಾಗೆ ಗಂಟು ಇರುವುದೇ ಅಲ್ಲಿ. ನಡೆಸುವ ಖರ್ಚಿನ ಲೆಕ್ಕಕ್ಕೆ ಒಂದು ವಾರ. ಫಂಡಿನ ಇತಿಹಾಸದ ಸ್ಲೈಡ್‌ಗಳನ್ನು ಓದಲು ಇಷ್ಟ ಇರುವವರಿಗೆ ಪಕ್ಕದಲ್ಲಿ ಇಟ್ಟುಬಿಡಿ.

ಕ್ವಿಜ್ ಬದಲು ಕರಡಿನ ಮೇಲೆ ಮನುಷ್ಯರು ಬರೆದ ಅಭಿಪ್ರಾಯ ಸಿಗಬೇಕು. ಒಂದು ಜೋಡಿ ಇನ್ನೊಂದು ಜೋಡಿಯ ಕರಡನ್ನು ಜಿಸಿಎಫ್‌ನ ಆರು ಮಾನದಂಡ ಇಟ್ಟುಕೊಂಡು ಓದಲಿ. ಪರಿಣಾಮ, ದೊಡ್ಡ ಬದಲಾವಣೆ ತರುವ ಶಕ್ತಿ, ಸುಸ್ಥಿರ ಅಭಿವೃದ್ಧಿ, ಫಲಾನುಭವಿಗಳ ಅಗತ್ಯ, ದೇಶದ ಸ್ವಂತಿಕೆ, ಖರ್ಚಿಗೆ ತಕ್ಕ ಫಲ. ಬೇರೆಯವರ ಕರಡಿನಲ್ಲಿ ಹುಳುಕು ಕಂಡವರಿಗೆ ತಮ್ಮದರಲ್ಲೂ ಕಾಣುತ್ತದೆ. ಆಮೇಲೆ ಪ್ರಸ್ತಾವ ಬರೆದು ಪಳಗಿದವರೊಬ್ಬರು ಓದಿ ಬರೆಯಬೇಕು. ಇದಕ್ಕೆ ಹಣ ಬೇಕಾಗುತ್ತದೆ. ಕೆಲಸ ಕೊಟ್ಟವರ ಹತ್ತಿರ ಈಗಲೇ ಕೇಳಿ. ವಿಡಿಯೋ ಶೂಟಿಂಗಿಗೆ ಇಟ್ಟ ದುಡ್ಡನ್ನು ಇದಕ್ಕೆ ತಿರುಗಿಸಿದರೂ ನಷ್ಟ ಇಲ್ಲ. ದ್ವೀಪಗಳಲ್ಲಿ ಎಲ್ಲ ಕಡೆ ನೆಟ್ ಚೆನ್ನಾಗಿರುವುದಿಲ್ಲ. ಪಠ್ಯ ಮತ್ತು ಸಣ್ಣ ಆಡಿಯೋ ಡೌನ್‌ಲೋಡ್ ಆಗುವ ಹಾಗಿದ್ದರೆ ಸಾಕು.

ಲೈವ್ ಕ್ಲಾಸ್ ವಾರಕ್ಕೊಂದೇ ಇಡಿ. ಫಿಜಿಯಲ್ಲಿ ರಾತ್ರಿ ಒಂಬತ್ತು ಆದಾಗ ಕೇಪ್ ವರ್ಡೆಯಲ್ಲಿ ಬೆಳಿಗ್ಗೆ ಎಂಟು, ನಮ್ಮಲ್ಲಿ ಮಧ್ಯಾಹ್ನ ಎರಡೂವರೆ. ಒಂದೇ ಬ್ಯಾಚ್ ಆದರೆ ಆ ಹೊತ್ತು ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ.

ಕದ್ರಿಗುಡ್ಡೆ:

ಎಲ್ಲರಿಗೂ ತುಂಬ ಉಪಕಾರ ಆಯಿತು. ಬ್ರಹ್ಮಾವರದವರು ಹೇಳಿದ ಹಾಗೆ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರು ಹೇಳಿದ್ದು ಕೇಳಿ: ನಮ್ಮ ಹತ್ತಿರ ಹಳೆಯ ಮಳೆ ದಾಖಲೆ ಉಂಟು, ಆದರೆ ಕಾಗದದ ಪುಸ್ತಕಗಳಲ್ಲಿ, ಪೆಟ್ಟಿಗೆಯಲ್ಲಿ. ಕಂಪ್ಯೂಟರಿಗೆ ಹಾಕಲು ಜನ ಇಲ್ಲ. ಇಂಥವರು ಸಮರ್ಥನೆ ಬರೆಯುವುದು ಹೇಗೆ? ಪಣಂಬೂರು ಸರ್, ನೀವೇ ಹೇಳಬೇಕು. ಎರಡು ಬ್ಯಾಚ್ ಮತ್ತು ಜೋಡಿ ಷರತ್ತಿನ ಬಗ್ಗೆ ಕೆಲಸ ಕೊಟ್ಟವರಿಗೆ ಇವತ್ತೇ ಬರೆಯುತ್ತೇನೆ.

ಪಣಂಬೂರು_ನಿವೃತ್ತ:

ಆ ಪೆಟ್ಟಿಗೆಯೇ ಅವರ ಆಸ್ತಿ ಮಾರಾಯ್ರೆ. ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಲು ಹೇಳಿ, ಮೊಬೈಲಿನಲ್ಲಾದರೂ ಸರಿ. ಗೆದ್ದಲು, ತೇವ ಕಾಯುವುದಿಲ್ಲ. ಆಮೇಲೆ ಎಲ್ಲ ಕೇಂದ್ರ ಬೇಡ, ಅತಿ ಹಳೆಯ ಒಂದೆರಡು ಕೇಂದ್ರದ ದಿನದ ಮಳೆ ಮಾತ್ರ ಕಂಪ್ಯೂಟರಿಗೆ ಹಾಕಲಿ. ಕೇಂದ್ರವನ್ನು ಯಾವಾಗ ಬೇರೆ ಜಾಗಕ್ಕೆ ಹಾಕಿದರು, ಮಾಪಕ ಯಾವಾಗ ಬದಲಾಯಿಸಿದರು ಅಂತ ಪಕ್ಕದಲ್ಲಿ ಬರೆಯಲಿ, ಇಲ್ಲದಿದ್ದರೆ ಅಂಕಿಯಲ್ಲಿ ಕಾಣುವ ಏರಿಳಿತ ಮಳೆಯದ್ದಾ ಮಾಪಕದ್ದಾ ಗೊತ್ತಾಗುವುದಿಲ್ಲ. ಉಳಿದ ದಾಖಲೆ ಕಂಪ್ಯೂಟರಿಗೆ ಹಾಕುವ ಖರ್ಚನ್ನು ಅದೇ ಪ್ರಸ್ತಾವದ ಬಜೆಟ್ಟಿನಲ್ಲಿ ಒಂದು ಸಾಲಾಗಿ ಕೇಳಬಹುದು. ಒಂದು ಪುಟದ ಫೋಟೋ ಕಳಿಸಲು ಅವರಿಗೆ ಹೇಳಿ. ಹಳೆಯ ರಿಜಿಸ್ಟರ್ ಓದುವ ಕ್ರಮವನ್ನು ನಾನು ಆಡಿಯೋದಲ್ಲಿ ಹೇಳಿ ಕಳಿಸುತ್ತೇನೆ, ನಿಮ್ಮ ಎರಡನೇ ವಾರಕ್ಕೆ ಆಗುತ್ತದೆ.