ಮ್ಯಾಕ್‌ಬೆತ್‌ನನ್ನು ಕೊಲೆಗೆ ಒಯ್ದ ಪ್ರಭಾವಗಳು: ಕಲಿಸಿದವರು, ಆಡಿದವರು, ಓದಿದವರು ಹೇಳುವುದು

ಕೇಳಿದವರು:
ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ನಾಯಕನನ್ನು ಕೊಲೆಗೂ ಪತನಕ್ಕೂ ಒಯ್ದ ಪ್ರಭಾವಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಮಾಟಗಾತಿಯರಿಗೆ ಒಂದು ಭಾಗ, ಹೆಂಡತಿಗೆ ಒಂದು, ಮಹತ್ವಾಕಾಂಕ್ಷೆಗೆ ಒಂದು ಎಂದು ಹಂಚಿಕೊಂಡು ಬರೆದರೆ ಬರಹಕ್ಕೆ ಜೀವ ಬರುತ್ತಿಲ್ಲ. ಈ ನಾಟಕವನ್ನು ಕಲಿಸಿದವರು, ಆಡಿದವರು ತಮ್ಮ ಅನುಭವದಿಂದ ದಾರಿ ತೋರಿಸಬೇಕೆಂದು ಕೋರುತ್ತೇನೆ.

ನಾಟಕ ಪಾಠ ಮಾಡುವ ಅಧ್ಯಾಪಕಿ:
ನಮಸ್ಕಾರ. ನನ್ನ ತರಗತಿಯ ವಿದ್ಯಾರ್ಥಿಗಳೂ ಮೊದಲು ಹೀಗೆಯೇ ಮೂರು ಪಾಲು ಮಾಡುತ್ತಾರೆ. ಪ್ರಭಾವಗಳು ನಾಟಕದಲ್ಲಿ ಯಾವ ಕ್ರಮದಲ್ಲಿ ಬರುತ್ತವೆಯೋ ಅದೇ ಕ್ರಮದಲ್ಲಿ ನೋಡಿ, ಪ್ರತಿಯೊಂದು ಕೊಲೆಗೂ ಮುನ್ನ ಮ್ಯಾಕ್‌ಬೆತ್‌ನ ಬಳಿ ಯಾರಿದ್ದರು ಎಂದು ಗುರುತು ಹಾಕಿಕೊಳ್ಳಿ ಎಂದು ನಾನು ಅವರಿಗೆ ಹೇಳುತ್ತೇನೆ.

ಮೊದಲ ಅಂಕದ ಮೂರನೆಯ ದೃಶ್ಯವನ್ನು ನಿಧಾನವಾಗಿ ಓದಿ. ಮಾಟಗಾತಿಯರು ಅವನನ್ನು ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ರಾಜನಾಗುವವನು ಎಂದು ಕರೆಯುತ್ತಾರೆಯೇ ಹೊರತು ಕೊಲೆಯ ಮಾತನ್ನು ಎತ್ತುವುದೇ ಇಲ್ಲ. ಕಾಡರ್‌ನ ಪದವಿ ದೊರೆತ ಸುದ್ದಿಯನ್ನು ರಾಸ್ ತಂದ ಸ್ವಲ್ಪ ಹೊತ್ತಿನಲ್ಲೇ ಕೊಲೆಯ ಕಲ್ಪನೆ ಮ್ಯಾಕ್‌ಬೆತ್‌ನ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ. ಆ ಚಿತ್ರಕ್ಕೆ ಕೂದಲು ನಿಮಿರಿ ನಿಲ್ಲುತ್ತದೆ, ಗುಂಡಿಗೆ ಪಕ್ಕೆಲುಬಿಗೆ ಬಡಿಯುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಅದೇ ಜಾಗದಲ್ಲಿ ನಿಂತು, ತನ್ನ ವಂಶದವರು ರಾಜರಾಗುವರೆಂಬ ಭವಿಷ್ಯವನ್ನು ಕೇಳಿಸಿಕೊಂಡ ಜೊತೆ ಸೇನಾನಿ ಬ್ಯಾಂಕೋ ಮಾತ್ರ, ಕತ್ತಲಿನ ಶಕ್ತಿಗಳು ಸಣ್ಣಪುಟ್ಟ ಸತ್ಯಗಳಿಂದ ನಮ್ಮನ್ನು ಒಲಿಸಿಕೊಂಡು ದೊಡ್ಡ ವಿಷಯದಲ್ಲಿ ಕೈಕೊಡುತ್ತವೆ ಎಂದು ಎಚ್ಚರಿಸುತ್ತಾನೆ. ಒಂದೇ ಭೇಟಿ ಇಬ್ಬರಲ್ಲಿ ಎಷ್ಟು ಬೇರೆ ಬೇರೆ ಫಲ ಕೊಟ್ಟಿತು ನೋಡಿ. ಮಾಟಗಾತಿಯರ ಪ್ರಭಾವದ ಅಳತೆ ನನಗೆ ಸಿಗುವುದು ಈ ವ್ಯತ್ಯಾಸದಲ್ಲಿಯೇ.

ಹೆಚ್ಚಿನವರು ಡಂಕನ್ ದೊರೆಯನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೃಷ್ಟಕ್ಕೆ ನನ್ನನ್ನು ರಾಜನನ್ನಾಗಿ ಮಾಡುವ ಮನಸ್ಸಿದ್ದರೆ ನಾನು ಕದಲದೆಯೂ ಕಿರೀಟ ಬರಬಹುದು ಎಂದು ಮ್ಯಾಕ್‌ಬೆತ್ ಸಮಾಧಾನ ಮಾಡಿಕೊಂಡಿರುತ್ತಾನೆ. ಮುಂದಿನ ದೃಶ್ಯದಲ್ಲಿಯೇ ಡಂಕನ್ ತನ್ನ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿಯೆಂದು ಘೋಷಿಸುತ್ತಾನೆ. ಆ ಮಾತು ಮುಗಿಯುತ್ತಿದ್ದಂತೆಯೇ ಇನ್ವರ್ನೆಸ್‌ನಲ್ಲಿರುವ ಮ್ಯಾಕ್‌ಬೆತ್‌ನ ಕೋಟೆಗೆ ಅತಿಥಿಯಾಗಿ ಹೊರಡುವುದಾಗಿಯೂ ತಿಳಿಸುತ್ತಾನೆ. ಕಾಯುವ ದಾರಿ ಮುಚ್ಚಿಹೋದದ್ದೂ ಕೊಲ್ಲುವ ಅವಕಾಶ ತೆರೆದುಕೊಂಡದ್ದೂ ಒಟ್ಟಿಗೇ ನಡೆಯುತ್ತವೆ. ದೊರೆಯಲ್ಲಿ ಕೆಡುಕಿಲ್ಲ, ನಂಬಿಕೆಯಷ್ಟೇ ಇದೆ. ಆದರೂ ಈ ಘಳಿಗೆಯನ್ನು ಬಿಟ್ಟರೆ ನಿಮ್ಮ ಪ್ರಬಂಧದಲ್ಲಿ ಒಂದು ಕೊಂಡಿ ತಪ್ಪಿಹೋಗುತ್ತದೆ.

ಲೇಡಿ ಮ್ಯಾಕ್‌ಬೆತ್ ಪಾತ್ರ ಮಾಡಿದ ಕಲಾವಿದೆ:
ಮೇಡಂ ಹೇಳಿದ ಕ್ರಮವನ್ನೇ ಹಿಡಿದು ಮೊದಲ ಅಂಕದ ಏಳನೆಯ ದೃಶ್ಯದ ಬಗ್ಗೆ ಹೇಳುತ್ತೇನೆ. ತಾನು ಡಂಕನ್‌ನ ಬಂಧು, ಪ್ರಜೆ, ಮೇಲಾಗಿ ಆತಿಥೇಯ, ಬಾಗಿಲು ಕಾಯಬೇಕಾದವನು ಎಂದು ಸ್ವಗತದಲ್ಲಿ ತೂಗಿ ನೋಡಿದ ಮ್ಯಾಕ್‌ಬೆತ್, ತನ್ನನ್ನು ತಿವಿಯಲು ಮಹತ್ವಾಕಾಂಕ್ಷೆಯ ಹೊರತು ಇನ್ನೇನೂ ಇಲ್ಲವೆಂದು ಒಪ್ಪಿಕೊಂಡು, ಈ ಕೆಲಸದಲ್ಲಿ ಮುಂದುವರಿಯುವುದು ಬೇಡವೆಂದು ಹೆಂಡತಿಗೆ ಸ್ಪಷ್ಟವಾಗಿ ಹೇಳಿಬಿಡುತ್ತಾನೆ. ಅವಳು ಪಾಪಪುಣ್ಯದ ವಾದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಅವನ ಪ್ರೀತಿಯನ್ನು ಸಂಶಯಿಸುತ್ತಾಳೆ, ಗಂಡಸುತನವನ್ನು ಕೆಣಕುತ್ತಾಳೆ, ಮಾತು ಕೊಟ್ಟಿದ್ದರೆ ಎದೆಹಾಲು ಕುಡಿಯುತ್ತಿರುವ ಕೂಸನ್ನೂ ಅಪ್ಪಳಿಸಿ ಕೊಲ್ಲುತ್ತಿದ್ದೆ ಎನ್ನುತ್ತಾಳೆ.

ತಾಲೀಮಿನಲ್ಲಿ ಈ ಭಾಗವನ್ನು ಅಬ್ಬರಿಸಿ ಹೇಳಿದಾಗ ಎದುರಿನ ನಟ ಹಿಂದೆ ಸರಿಯುತ್ತಿದ್ದರು, ದೃಶ್ಯ ಅಲ್ಲಿಯೇ ನಿಂತುಹೋಗುತ್ತಿತ್ತು. ಅವನು ‘ನಾವು ಸೋತರೆ?’ ಎಂದು ಕೇಳಿದ ನಂತರದ ಮಾತುಗಳನ್ನು ನಿರ್ದೇಶಕರು ತಗ್ಗಿದ ದನಿಯಲ್ಲಿ, ಮನೆಕೆಲಸ ಹಂಚಿಕೊಳ್ಳುವವರಂತೆ ಹೇಳಿಸಿದರು: ಇಬ್ಬರು ಕಾವಲುಗಾರರಿಗೆ ಮತ್ತೇರುವಷ್ಟು ಮದ್ಯ ಕುಡಿಸುವುದು, ಅವರು ಮೈಮರೆತು ಮಲಗಿದ ಮೇಲೆ ಕೆಲಸ ಮುಗಿಸುವುದು, ಅಪರಾಧವನ್ನು ಅವರ ತಲೆಗೆ ಕಟ್ಟುವುದು. ಆಗ ಆ ನಟ ನನ್ನತ್ತ ಬಾಗಿದರು. ಅವರ ಬಾಯಿಂದ ಮುಂದೆ ಬಂದ ಮಾತು ಆ ಕಾವಲುಗಾರರ ಮೈಗೆ ರಕ್ತ ಬಳಿಯುವುದರ ಬಗ್ಗೆ, ಅವರದೇ ಕಠಾರಿಗಳನ್ನು ಬಳಸುವುದರ ಬಗ್ಗೆ. ಮಾಡುವುದು ಸರಿಯೇ ಎಂದು ಆರಂಭವಾದ ಅವನ ಹಿಂಜರಿಕೆ ಸಿಕ್ಕಿಬೀಳುತ್ತೇವೆಯೇ ಎಂಬ ಭಯವಾಗಿ ಮಾರ್ಪಟ್ಟಿತ್ತು, ಆ ಭಯಕ್ಕೆ ಅವಳ ಬಳಿ ಉಪಾಯ ಸಿದ್ಧವಿತ್ತು. ಅವಳ ಪ್ರಭಾವದ ನಿಜವಾದ ಬಲ ಇದೇ ಎಂದು ನನಗೆ ಮನವರಿಕೆಯಾದದ್ದು ಆ ದಿನ.

ಅವಳನ್ನು ನಾಲ್ಕನೆಯ ಮಾಟಗಾತಿ ಎಂದು ಕರೆಯುವುದುಂಟು. ನನಗೆ ಅದು ಅನ್ಯಾಯವೆನಿಸುತ್ತದೆ. ತನ್ನಲ್ಲಿ ಕ್ರೌರ್ಯ ತುಂಬಿರೆಂದು ದುಷ್ಟಶಕ್ತಿಗಳನ್ನು ಬೇಡಿಕೊಳ್ಳಬೇಕಾಗಿ ಬಂದವಳು ಅವಳು. ಮಲಗಿದ್ದ ಡಂಕನ್ ತನ್ನ ತಂದೆಯಂತೆ ಕಾಣದಿದ್ದರೆ ತಾನೇ ಕೊಲ್ಲುತ್ತಿದ್ದೆ ಎನ್ನುವವಳೂ ಅವಳೇ.

ಇತಿಹಾಸದ ಓದುಗರು:
ಒಂದು ಮಾತು ಸೇರಿಸುತ್ತೇನೆ. ಚರಿತ್ರೆಯ ಡಂಕನ್ 1040ರಲ್ಲಿ ಸತ್ತದ್ದು ಮ್ಯಾಕ್‌ಬೆತ್‌ನ ವಿರುದ್ಧದ ಕಾಳಗದಲ್ಲಿ. ಮ್ಯಾಕ್‌ಬೆತ್ 1057ರವರೆಗೆ ಸ್ಕಾಟ್ಲೆಂಡನ್ನು ಆಳಿದ. ಷೇಕ್ಸ್‌ಪಿಯರ್ ಆಧರಿಸಿದ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಡಂಕನ್ ಮೆತ್ತನೆಯ ಆಡಳಿತಗಾರ, ಬ್ಯಾಂಕೋ ಸಂಚಿನಲ್ಲಿ ಸಹಭಾಗಿ. ನಾಟಕ ಈ ನೆಪಗಳನ್ನೆಲ್ಲ ಕಿತ್ತುಹಾಕಿದೆ. 1603ರಲ್ಲಿ ಇಂಗ್ಲೆಂಡಿನ ಪಟ್ಟವೇರಿದ ಜೇಮ್ಸ್ ದೊರೆ ಬ್ಯಾಂಕೋನ ವಂಶದವನೆಂಬ ನಂಬಿಕೆ ಇದ್ದುದೂ ಇದಕ್ಕೊಂದು ಕಾರಣವಿರಬಹುದು. ಆದರೆ ಫಲಿತಾಂಶ ನಿಮಗೆ ಮುಖ್ಯ: ಈ ನಾಯಕನಿಗೆ ದೊರೆಯ ಮೇಲೆ ದೂರು ಹೇಳಲು ಏನೂ ಉಳಿದಿಲ್ಲ.

ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಡಂಕನ್‌ನ ಕೊಲೆ ಈಗ ಸ್ಪಷ್ಟವಾಯಿತು. ಅಲ್ಲಿಂದ ಮುಂದಿನ ಪತನವನ್ನು ಯಾರ ಪ್ರಭಾವವೆಂದು ಬರೆಯಲಿ?

ಅಧ್ಯಾಪಕಿ:
ಅಲ್ಲಿ ಪ್ರಭಾವ ಬೀರುವವರು ಒಬ್ಬೊಬ್ಬರಾಗಿ ಮರೆಯಾಗುತ್ತಾರೆ, ಕೊಲೆಗಳು ಮಾತ್ರ ನಿಲ್ಲುವುದಿಲ್ಲ. ಬ್ಯಾಂಕೋನನ್ನು ಕೊಲ್ಲಲು ಬಂದವರೊಡನೆ ಮ್ಯಾಕ್‌ಬೆತ್ ಆಡುವ ಮಾತನ್ನು ಗಮನಿಸಿ: ನೀವು ಎಂಥ ಗಂಡಸರು ಎಂದು ಅವರನ್ನು ಕೆಣಕುತ್ತಾನೆ. ಹೆಂಡತಿ ತನ್ನ ಮೇಲೆ ಬಳಸಿದ ಅಸ್ತ್ರವೇ ಈಗ ಅವನ ಕೈಯಲ್ಲಿದೆ. ಏನು ಮಾಡಲಿದ್ದೀರಿ ಎಂದು ಅವಳು ಕೇಳಿದರೆ, ನಿನಗದು ತಿಳಿಯದಿರಲಿ ಎಂದು ಮುಚ್ಚಿಡುತ್ತಾನೆ. ಮೊದಲು ದಾರಿಯಲ್ಲಿ ಎದುರಾಗಿದ್ದ ಮಾಟಗಾತಿಯರನ್ನು ನಾಲ್ಕನೆಯ ಅಂಕದಲ್ಲಿ ಅವನೇ ಹುಡುಕಿಕೊಂಡು ಹೋಗುತ್ತಾನೆ. ಹೆಣ್ಣಿನಲ್ಲಿ ಹುಟ್ಟಿದ ಯಾರೂ ನಿನಗೆ ಕೇಡು ಮಾಡಲಾರರು ಎಂಬ ಅಭಯ ಸಿಕ್ಕಿದಾಗ, ತಾನು ಶಂಕಿಸುತ್ತಿದ್ದ ಸರದಾರ ಮ್ಯಾಕ್‌ಡಫ್ ಬದುಕಿಕೊಳ್ಳಲಿ ಎಂದವನು, ಮರುಮಾತಿನಲ್ಲಿಯೇ ಭದ್ರತೆಗಾಗಿ ಅವನು ಸಾಯಲೇಬೇಕು ಎನ್ನುತ್ತಾನೆ. ಮ್ಯಾಕ್‌ಡಫ್ ಇಂಗ್ಲೆಂಡಿಗೆ ಪಾರಾದನೆಂದು ತಿಳಿದೊಡನೆ ಅವನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಈ ಕೊಲೆಯನ್ನು ಯಾವ ಮಾಟಗಾತಿಯೂ ಸೂಚಿಸಿರಲಿಲ್ಲ, ಹೆಂಡತಿ ಒತ್ತಾಯಿಸಿರಲಿಲ್ಲ, ಇದರಿಂದ ಸಿಂಹಾಸನಕ್ಕೆ ಬಲವೂ ಬರುವುದಿಲ್ಲ.

ಪ್ರಬಂಧವನ್ನು ಮ್ಯಾಕ್‌ಡಫ್‌ನ ಮನೆಯ ಆ ದೃಶ್ಯದಿಂದ, ನಾಲ್ಕನೆಯ ಅಂಕದ ಎರಡನೆಯ ದೃಶ್ಯದಿಂದ ಆರಂಭಿಸಿ ಹಿಂದಕ್ಕೆ ಹೋಗಿ ಎಂಬುದು ನನ್ನ ಸಲಹೆ. ಹಾಗೆ ಬರೆದರೆ ಪ್ರತಿ ಹೆಜ್ಜೆಯಲ್ಲಿಯೂ ಒಬ್ಬೊಬ್ಬ ಪ್ರೇರಕರು ಮತ್ತೆ ಬಂದು ಸೇರುತ್ತಾರೆ, ಯಾರಿಗೆ ಎಷ್ಟು ಜಾಗ ಕೊಡಬೇಕೆಂಬುದನ್ನು ನಾಟಕದ ಪಠ್ಯವೇ ನಿಮಗೆ ತಿಳಿಸುತ್ತದೆ.