ರೂಸ್‌ವೆಲ್ಟ್, ರ‍್ಯಾಂಡಾಲ್ಫ್ ವಂಶವೃಕ್ಷ: ಒಬ್ಬನೇ ಪೂರ್ವಜ ಎರಡು ಕಡೆ ಬಂದರೆ ಏನು ಮಾಡಬೇಕು?

ಪ್ರಶ್ನೆ: ಬೇರುಬಿಳಲು

ಅಮೆರಿಕದ ರಾಜಕೀಯ ಮನೆತನಗಳ ವಂಶಾವಳಿಯನ್ನು ಕನ್ನಡದಲ್ಲಿ ಒಂದೇ ಕಡತಕ್ಕೆ ತರುತ್ತಿದ್ದೇನೆ. ಸದ್ಯಕ್ಕೆ ಕೈಗೆತ್ತಿಕೊಂಡಿರುವುದು ನ್ಯೂಯಾರ್ಕಿನ ರೂಸ್‌ವೆಲ್ಟರು ಮತ್ತು ವರ್ಜೀನಿಯಾದ ರ‍್ಯಾಂಡಾಲ್ಫರು. ತಂತ್ರಾಂಶ ಗ್ರಾಂಪ್ಸ್.

ಅಧ್ಯಕ್ಷರಾಗಿದ್ದ ಥಿಯೋಡರ್ ಮತ್ತು ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಐದನೇ ಕಸಿನ್‌ಗಳು ಎಂದೇ ಎಲ್ಲ ಕಡೆ ಇದೆ. ಹಾಲೆಂಡಿನಿಂದ ಬಂದ ಕ್ಲಾಸ್ ಮಾರ್ಟೆನ್ಸನ್‌ನಿಂದ ಇಳಿಸಿಕೊಂಡು ಬಂದರೆ ನನಗೆ ಆರನೆಯದು ಬರುತ್ತದೆ. ಎಲ್ಲಿ ತಪ್ಪಿದೆ? ಫ್ರ್ಯಾಂಕ್ಲಿನ್‌ಗೂ ಅವನ ಹೆಂಡತಿ ಎಲಿನರ್‌ಗೂ ಇರುವ ಸಂಬಂಧಕ್ಕೆ ‘ವನ್ಸ್ ರಿಮೂವ್ಡ್’ ಅನ್ನುತ್ತಾರೆ. ಅದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು?

ಇನ್ನೊಂದು ತೊಡಕು. ಅಂತರ್ಯುದ್ಧದಲ್ಲಿ ದಕ್ಷಿಣದವರ ಕಡೆ 1862ರಲ್ಲಿ ಯುದ್ಧ ಕಾರ್ಯದರ್ಶಿಯಾಗಿದ್ದ ಜಾರ್ಜ್ ವಿಥ್ ರ‍್ಯಾಂಡಾಲ್ಫ್‌ನ ಪೂರ್ವಜರ ಪಟ್ಟಿ ತೆಗೆದರೆ, ಟರ್ಕಿ ಐಲೆಂಡಿನ ವಿಲಿಯಂ ರ‍್ಯಾಂಡಾಲ್ಫ್ ಎರಡು ಸಲ ಬರುತ್ತಾನೆ. ಒಂದನ್ನು ಅಳಿಸಬೇಕೆ? ಕೊನೆಯದಾಗಿ, ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ 11 ಅಧ್ಯಕ್ಷರಿಗೆ ನೆಂಟ ಎಂಬ ಮಾತನ್ನು ಕಡತದಲ್ಲಿ ಹಾಕಬಹುದೇ?

ಉತ್ತರ: ತಲೆಮಾರು

ಎಣಿಕೆ ಸರಿಯಾಗಿದೆ, ಶುರು ಮಾಡಿದ ಜಾಗ ತಪ್ಪಿದೆ. ಕ್ಲಾಸ್ ಇಬ್ಬರಿಗೂ ಮೂಲಪುರುಷನೇ, ಆದರೆ ಕವಲೊಡೆದದ್ದು ಅವನಲ್ಲಲ್ಲ, ಅವನ ಮಗ ನಿಕೊಲಸ್‌ನಲ್ಲಿ (1658–1742). ಯಾವಾಗಲೂ ಇಬ್ಬರಿಗೂ ಸೇರಿದ ತೀರಾ ಹತ್ತಿರದ ಪೂರ್ವಜನಿಂದಲೇ ಎಣಿಸಬೇಕು. ಒಂದು ಮೆಟ್ಟಿಲು ಮೇಲೆ ಹೋದರೆ ದರ್ಜೆಯೂ ಒಂದು ಹೆಚ್ಚಾಗುತ್ತದೆ.

ನಿಕೊಲಸ್‌ನಿಂದ ಆಯ್‌ಸ್ಟರ್ ಬೇ ಕವಲು: ಯೊಹಾನೆಸ್ (ಹುಟ್ಟಿದ್ದು 1689), ಜಾಕೊಬಸ್ (1724), ಜೇಮ್ಸ್ (1759), ಕಾರ್ನೀಲಿಯಸ್ (1794), ಹಿರಿಯ ಥಿಯೋಡರ್ (1831), ಅಧ್ಯಕ್ಷ ಥಿಯೋಡರ್ (1858). ಆರು ಮೆಟ್ಟಿಲು.

ಹೈಡ್ ಪಾರ್ಕ್ ಕವಲು: ಜಾಕೊಬಸ್ (1692), ಐಸಾಕ್ (1726), ಜೇಮ್ಸ್ (1760), ಐಸಾಕ್ (1790), ಜೇಮ್ಸ್ (1828), ಫ್ರ್ಯಾಂಕ್ಲಿನ್ (1882). ಇಲ್ಲೂ ಆರು.

ಎರಡು ಸಂಖ್ಯೆಗಳಲ್ಲಿ ಚಿಕ್ಕದರಿಂದ 1 ಕಳೆದರೆ ಕಸಿನ್ ದರ್ಜೆ, ಹಾಗಾಗಿ ಐದು. ಎರಡರ ನಡುವಿನ ವ್ಯತ್ಯಾಸವೇ ‘ರಿಮೂವ್ಡ್’. ಎಲಿನರ್ (1884) ಅಧ್ಯಕ್ಷ ಥಿಯೋಡರ್‌ನ ತಮ್ಮ ಎಲಿಯಟ್‌ನ ಮಗಳು, ಏಳನೇ ಮೆಟ್ಟಿಲು. ಆರು ಮತ್ತು ಏಳು: ದರ್ಜೆ ಐದೇ, ವ್ಯತ್ಯಾಸ ಒಂದು. ಕನ್ನಡದಲ್ಲಿ ‘ಒಂದು ತಲೆಮಾರು ಅಂತರ’ ಎಂದು ಬರೆದರೆ ಯಾರು ಮೇಲಿನವರು, ಯಾರು ಕೆಳಗಿನವರು ಎಂಬುದು ಕಳೆದುಹೋಗುತ್ತದೆ. ಇಂಗ್ಲಿಷಿನಲ್ಲೂ ಇದೇ ಕೊರತೆ ಇದೆ. ‘ಎಲಿನರ್ ಫ್ರ್ಯಾಂಕ್ಲಿನ್‌ಗೆ ಐದನೇ ದರ್ಜೆಯ ಕಸಿನ್, ಒಂದು ತಲೆಮಾರು ಕೆಳಗೆ’ ಎಂದು ಬರೆಯಿರಿ, ಗೊಂದಲವೇ ಇರುವುದಿಲ್ಲ.

ಹೆಸರುಗಳ ಬಗ್ಗೆ ಎಚ್ಚರ. ಜಾಕೊಬಸ್ ಅಂದರೆ ಜೇಮ್ಸ್, ಕ್ಲಾಸ್ ಅಂದರೆ ನಿಕೊಲಸ್. ಮಾರ್ಟೆನ್ಸನ್ ಮನೆತನದ ಹೆಸರಲ್ಲ, ‘ಮಾರ್ಟೆನ್‌ನ ಮಗ’ ಎಂದಷ್ಟೇ. ಹೈಡ್ ಪಾರ್ಕ್ ಕವಲಿನಲ್ಲಿ ನಮ್ಮ ಮನೆಗಳ ಹಾಗೆ ತಾತನ ಹೆಸರು ಮೊಮ್ಮಗನಿಗೆ ಬಂದಿರುವುದರಿಂದ ಐಸಾಕ್, ಜೇಮ್ಸ್ ಎರಡೇ ಹೆಸರು ಸುತ್ತುತ್ತಿರುತ್ತವೆ. ಫ್ರ್ಯಾಂಕ್ಲಿನ್‌ನ ತಂದೆ ಜೇಮ್ಸ್ (1828), ಅಣ್ಣ ಜೇಮ್ಸ್ (1854), ಮಗ ಜೇಮ್ಸ್ (1907). ಹುಟ್ಟಿದ ವರ್ಷ ಸೇರಿಸದೆ ಯಾರ ಹೆಸರನ್ನೂ ನಮೂದಿಸಬೇಡಿ.

ಆ ಅಣ್ಣ ಜೇಮ್ಸ್ ತಂದೆಯ ಮೊದಲ ಹೆಂಡತಿಯ ಮಗ, ಫ್ರ್ಯಾಂಕ್ಲಿನ್‌ನ ತಾಯಿ ಸಾರಾ ಡೆಲನೋ ಹುಟ್ಟಿದ ವರ್ಷವೇ ಹುಟ್ಟಿದವನು. ಅವನ ಮಗಳು ಹೆಲೆನ್ ಫ್ರ್ಯಾಂಕ್ಲಿನ್‌ಗಿಂತ ನಾಲ್ಕು ತಿಂಗಳು ದೊಡ್ಡವಳು. 1904ರಲ್ಲಿ ಆಕೆ ಮದುವೆಯಾದದ್ದು ಅಧ್ಯಕ್ಷ ಥಿಯೋಡರ್‌ನ ತಂಗಿ ಕೊರಿನ್‌ಳ ಮಗ ಥಿಯೋಡರ್ ಡಗ್ಲಸ್ ರಾಬಿನ್ಸನ್‌ನನ್ನು. ಮರುವರ್ಷ ಮಾರ್ಚ್ 17ರಂದು ಫ್ರ್ಯಾಂಕ್ಲಿನ್–ಎಲಿನರ್ ಮದುವೆ, ಧಾರೆಯೆರೆದು ಕೊಟ್ಟದ್ದು ಆಗ ಅಧ್ಯಕ್ಷನಾಗಿದ್ದ ದೊಡ್ಡಪ್ಪ ಥಿಯೋಡರ್. ಎರಡೂ ಕವಲು ಎರಡು ವರ್ಷದಲ್ಲಿ ಎರಡು ಸಲ ಕೂಡಿದವು. ಈ ರಾಬಿನ್ಸನ್‌ನನ್ನು ಬಿಡಬೇಡಿ. ನೌಕಾದಳದ ಸಹಾಯಕ ಕಾರ್ಯದರ್ಶಿ ಹುದ್ದೆಯಲ್ಲಿ ಈ ಬಳಗದ ಐವರು ಕೂತಿದ್ದಾರೆ (ಆವರಣದಲ್ಲಿರುವುದು ಹುದ್ದೆಗೆ ಬಂದ ವರ್ಷ): ಥಿಯೋಡರ್ (1897), ಫ್ರ್ಯಾಂಕ್ಲಿನ್ (1913), ಕಿರಿಯ ಥಿಯೋಡರ್ (1921), ರಾಬಿನ್ಸನ್ (1924), ಹೆನ್ರಿ ಲಾಟ್ರೋಬ್ ರೂಸ್‌ವೆಲ್ಟ್ (1933).

ಉತ್ತರ: ಹಳೆಕಡತ

ರ‍್ಯಾಂಡಾಲ್ಫ್ ವಿಷಯ. ಒಂದನ್ನೂ ಅಳಿಸಬೇಡಿ. ವಿಲಿಯಂ ಬರಬೇಕಾದ್ದು ಎರಡು ಸಲವೂ ಅಲ್ಲ, ಮೂರು ಸಲ. ನಿಮಗೆ ಎರಡೇ ಸಿಕ್ಕಿದ್ದರೆ, ತಂದೆಯ ತಾಯಿ ಆನ್ ಕೇರಿಯ ಮೇಲಿನ ಕೊಂಡಿ ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು.

ಆನೆನ್‌ಟಾಫೆಲ್ ಎಣಿಕೆಯಲ್ಲಿ, ಅಂದರೆ ಪೂರ್ವಜರಿಗೆ ಕ್ರಮಸಂಖ್ಯೆ ಕೊಡುವ ಪದ್ಧತಿಯಲ್ಲಿ, ನೋಡಿ. ಜಾರ್ಜ್ ವಿಥ್ 1. ಯಾರದೇ ತಂದೆಯ ಸಂಖ್ಯೆ ಅವರ ಸಂಖ್ಯೆಯ ಇಮ್ಮಡಿ, ತಾಯಿಯದು ಇಮ್ಮಡಿಗೆ ಒಂದು ಹೆಚ್ಚು.

ಮೊದಲ ದಾರಿ: ತಂದೆ ಕಿರಿಯ ಥಾಮಸ್ ಮನ್ ರ‍್ಯಾಂಡಾಲ್ಫ್ 2, ಹಿರಿಯ ಥಾಮಸ್ ಮನ್ 4, ಅವನ ತಂದೆ ವಿಲಿಯಂ 8, ಟಕಹೋ ತೋಟದ ಥಾಮಸ್ 16, ಮೂಲದ ವಿಲಿಯಂ 32.

ಎರಡನೆಯದು: 2ರ ತಾಯಿ ಆನ್ ಕೇರಿ 5, ಆಕೆಯ ತಾಯಿ ಮೇರಿ ರ‍್ಯಾಂಡಾಲ್ಫ್ 11, ಕರ್ಲ್ಸ್ ತೋಟದ ರಿಚರ್ಡ್ 22, ವಿಲಿಯಂ 44.

ಮೂರನೆಯದು: ತಾಯಿ ಮಾರ್ಥಾ ಜೆಫರ್ಸನ್ 3, ಅಧ್ಯಕ್ಷ ಥಾಮಸ್ ಜೆಫರ್ಸನ್ 6, ಅವನ ತಾಯಿ ಜೇನ್ ರ‍್ಯಾಂಡಾಲ್ಫ್ 13, ಐಶಮ್ 26, ವಿಲಿಯಂ 52.

ವಿಲಿಯಂನ ಹೆಂಡತಿ ಮೇರಿ ಐಶಮ್ ಹೀಗೆಯೇ 33, 45, 53. ಮೂರೂ ದಾರಿ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಆ ಮಟ್ಟದ 32 ಸ್ಥಾನಗಳಲ್ಲಿ ಆರನ್ನು ಇಬ್ಬರೇ ತುಂಬಿದ್ದಾರೆ, ಅಂದರೆ ಅಲ್ಲಿ ಬೇರೆಬೇರೆ ಮನುಷ್ಯರು 28ಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ಮುದ್ರಿತ ಪಟ್ಟಿಯಲ್ಲಿ 32ರಲ್ಲಿ ಪೂರ್ತಿ ವಿವರ ಬರೆದು, 44 ಮತ್ತು 52ರಲ್ಲಿ ‘32 ನೋಡಿ’ ಎಂದು ಬರೆಯುವುದು ರೂಢಿ.

ಗ್ರಾಂಪ್ಸ್‌ನಲ್ಲಿ ಮಾತ್ರ ವಿಲಿಯಂ ಒಬ್ಬನೇ ಇರಬೇಕು, ಒಂದೇ ಐಡಿ. ಬೇರೆಬೇರೆ ಜೆಡ್‌ಕಾಮ್ ಕಡತ (ವಂಶಾವಳಿ ತಂತ್ರಾಂಶಗಳು ಹಂಚಿಕೊಳ್ಳುವ ಕಡತ) ಆಮದು ಮಾಡಿಕೊಂಡಾಗ ಒಬ್ಬನೇ ಎರಡು ಐಡಿಯಲ್ಲಿ ಕೂತುಬಿಡುತ್ತಾನೆ, ಆಗ ನೆಂಟಸ್ತಿಕೆಯ ಲೆಕ್ಕ ಸುಳ್ಳಾಗುತ್ತದೆ. ಮೊದಲು ಬ್ಯಾಕಪ್ ತೆಗೆದು, ಇಬ್ಬರನ್ನೂ ಆರಿಸಿ ಮರ್ಜ್ ಮಾಡಿ, ಆಮೇಲೆ ಕುಟುಂಬಗಳ ಪಟ್ಟಿಗೆ ಹೋಗಿ ಅದೇ ಗಂಡಹೆಂಡತಿಯ ಜೋಡಿ ಎರಡು ಸಲ ಉಳಿದಿದೆಯೇ ನೋಡಿ. ಈ ಕೊನೆಯ ಹೆಜ್ಜೆ ಮರೆತರೆ ಅರ್ಧ ಮಕ್ಕಳು ಒಂದು ಕುಟುಂಬದಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಉಳಿಯುತ್ತಾರೆ.

ಸರಿಯಾಯಿತೇ ಎಂದು ಪರೀಕ್ಷಿಸಲು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್‌ನನ್ನು ಸೇರಿಸಿ: ವಿಲಿಯಂ, ಟಕಹೋದ ಥಾಮಸ್, ಮೇರಿ ಐಶಮ್ ರ‍್ಯಾಂಡಾಲ್ಫ್, ಮೇರಿ ಕೀತ್, ಜಾನ್ ಮಾರ್ಷಲ್. ಜೆಫರ್ಸನ್ ಮೂರನೇ ಮೆಟ್ಟಿಲು, ಮಾರ್ಷಲ್ ನಾಲ್ಕನೆಯದು. ಎರಡನೇ ದರ್ಜೆ, ಒಂದು ತಲೆಮಾರು ಕೆಳಗೆ ಎಂದು ಬಂದರೆ ನಿಮ್ಮ ಕೊಂಡಿಗಳು ಸರಿ. ರಾಜಕೀಯದಲ್ಲಿ ಬದ್ಧ ವಿರೋಧಿಗಳಾಗಿದ್ದವರು ಇಷ್ಟು ಹತ್ತಿರದವರು.

ಬೇರುಬಿಳಲು

ಆನ್ ಕೇರಿಯ ತಾಯಿಯೇ ಇರಲಿಲ್ಲ, ಸೇರಿಸಿದ ಮೇಲೆ ಮೂರೂ ದಾರಿ ಬಂದವು. ಧನ್ಯವಾದ. ಹಾಗಾದರೆ ಮಾರ್ಥಾ ಮತ್ತು ಥಾಮಸ್ ಮನ್ ಎರಡು ಕಡೆಯಿಂದಲೂ ಮೂರನೇ ದರ್ಜೆಯ ಕಸಿನ್‌ಗಳಾದರು. ಕನ್ನಡ ಓದುಗರು ಮೊದಲು ಕೇಳುವುದು ‘ವರಸೆಯಲ್ಲಿ ಏನಾಗಬೇಕು’ ಎಂದು. ಅದನ್ನೂ ಬರೆಯಬಹುದೇ?

ಉತ್ತರ: ವಾವೆವರಸೆ

ಬರೆಯಬಹುದು, ಆದರೆ ಅದು ನಮ್ಮ ಲೆಕ್ಕ, ಅವರದಲ್ಲ ಎಂದು ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿ. ಇಂಗ್ಲಿಷ್ ‘ಕಸಿನ್’ ಎಷ್ಟು ದೂರ ಎಂಬುದನ್ನಷ್ಟೇ ಹೇಳುತ್ತದೆ, ಯಾರ ಮೂಲಕ ಎಂಬುದನ್ನು ಹೇಳುವುದಿಲ್ಲ. ನಮ್ಮ ವರಸೆ ದಾರಿ ಗೊತ್ತಿಲ್ಲದೆ ಹುಟ್ಟುವುದೇ ಇಲ್ಲ. ಹಾಗಾಗಿ ಕೊಂಡಿ ತಪ್ಪಿದ್ದರೆ ವರಸೆ ಹಿಡಿಯುವಾಗ ತಕ್ಷಣ ಗೊತ್ತಾಗುತ್ತದೆ.

ಐಶಮ್ ಮತ್ತು ರಿಚರ್ಡ್ ಅಣ್ಣತಮ್ಮಂದಿರು, ಅವರ ಮಕ್ಕಳು ಜೇನ್ ಮತ್ತು ಮೇರಿ ನಮ್ಮ ಲೆಕ್ಕದಲ್ಲಿ ಅಕ್ಕತಂಗಿಯರು. ಅಕ್ಕತಂಗಿಯರ ಮಕ್ಕಳಾದ್ದರಿಂದ ಥಾಮಸ್ ಜೆಫರ್ಸನ್ ಮತ್ತು ಆನ್ ಕೇರಿ ಅಣ್ಣತಂಗಿ. ಅಣ್ಣನ ಮಗಳು ಮಾರ್ಥಾ, ತಂಗಿಯ ಮಗ ಥಾಮಸ್ ಮನ್. ಸೋದರಮಾವನ ಮಗಳನ್ನು ತಂದಂತಾಯಿತು. ಟಕಹೋ ದಾರಿಯಿಂದ ಎಣಿಸಿದರೂ ಇದೇ ಉತ್ತರ. ಹಿರಿಯ ಥಾಮಸ್ ಮನ್ ಮತ್ತು ಆನ್ ಕೇರಿಯ ಮದುವೆಯೂ ಸೋದರತ್ತೆಯ ಮಗಳ ವರಸೆಗೇ ಬರುತ್ತದೆ. ಮೂರು ಕಡೆಯಿಂದಲೂ ತಾಳೆಯಾಗುತ್ತದೆ.

ಫ್ರ್ಯಾಂಕ್ಲಿನ್–ಎಲಿನರ್ ಹಾಗಲ್ಲ. ಇಬ್ಬರೂ ನಿಕೊಲಸ್‌ನಿಂದ ಬರೀ ಗಂಡುಮಕ್ಕಳ ಸಾಲಿನಲ್ಲೇ ಇಳಿದು ಬಂದವರು, ದಾಯಾದಿಗಳು. ಫ್ರ್ಯಾಂಕ್ಲಿನ್ ಎಲಿನರ್‌ಳ ತಂದೆ ಎಲಿಯಟ್‌ನ ತಲೆಮಾರಿನವನು, ಅವನಿಗಿಂತ ಕಿರಿಯ. ವರಸೆಯಲ್ಲಿ ಚಿಕ್ಕಪ್ಪ.

ಒಂದು ಪದದ ಬಗ್ಗೆ ಜೋಪಾನ: ‘ಮಲ’. ಮಲಅಣ್ಣ ಎಂದರೆ ತಂದೆ ಒಬ್ಬನೇ ಆಗಿ ತಾಯಿ ಬೇರೆ ಇರುವವನೂ ಆಗಬಹುದು, ರಕ್ತಸಂಬಂಧವೇ ಇಲ್ಲದವನೂ ಆಗಬಹುದು. ವಂಶಾವಳಿಯಲ್ಲಿ ‘ತಂದೆ ಒಬ್ಬನೇ, ತಾಯಿ ಬೇರೆ’ ಎಂದು ಬಿಡಿಸಿಯೇ ಬರೆಯಬೇಕು.

ಉತ್ತರ: ಹಳೆಕಡತ

ದಾಖಲೆಯಲ್ಲಿ ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ. 1752ರವರೆಗೆ ಇಂಗ್ಲಿಷರ ವಸಾಹತುಗಳಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಪಂಚಾಂಗವೂ 17ನೇ ಶತಮಾನದಲ್ಲಿ 10 ದಿನ, 1700ರ ನಂತರ 11 ದಿನ ಹಿಂದಿತ್ತು. ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1750ರ ಮಾರ್ಚ್ 5, ಹೊಸ ಲೆಕ್ಕದಲ್ಲಿ 1751ರ ಮಾರ್ಚ್ 16. ಇವನ್ನು ಎರಡು ಮಕ್ಕಳೆಂದು ನಮೂದಿಸಿದ ಪಟ್ಟಿಗಳೂ ಹುಟ್ಟಿಕೊಳ್ಳಬಹುದು. ಜನವರಿ 1ರಿಂದ ಮಾರ್ಚ್ 24ರ ನಡುವಿನ ತಾರೀಕಿಗೆ 1750/51 ಎಂದು ಎರಡೂ ವರ್ಷ ಬರೆಯಿರಿ.

ಆ ಕಾಲದ ಉಯಿಲುಗಳಲ್ಲಿ ‘ಕಸಿನ್’ ಎಂದರೆ ಅಣ್ಣನ ಮಗನೂ ಆಗಬಹುದು. ‘ಮದರ್ ಇನ್ ಲಾ’ ಎಂದರೆ ಮಲತಾಯಿಯೂ ಆಗಬಹುದು. ಸೀನಿಯರ್, ಜೂನಿಯರ್ ಎಂದರೆ ತಂದೆಮಗ ಎಂದೇ ಅಲ್ಲ, ಊರಿನಲ್ಲಿ ಒಂದೇ ಹೆಸರಿನ ಹಿರಿಯ ಮತ್ತು ಕಿರಿಯ ಅಷ್ಟೇ. ಡಚ್ಚರ ಚರ್ಚಿನ ದೀಕ್ಷಾಸ್ನಾನದ ದಾಖಲೆ ಈ ವಿಷಯದಲ್ಲಿ ವರದಾನ. ತಾಯಿಯ ತವರಿನ ಹೆಸರೂ ಸಾಕ್ಷಿಗಳ ಹೆಸರೂ ಅದರಲ್ಲಿರುತ್ತವೆ.

ಜನಗಣತಿಯಲ್ಲಿ 1850ಕ್ಕಿಂತ ಮುಂಚೆ ಮನೆಯ ಯಜಮಾನನ ಹೆಸರು ಮಾತ್ರ. ಯಜಮಾನನಿಗೆ ಏನಾಗಬೇಕು ಎಂಬ ಕಲಂ ಬಂದದ್ದು 1880ರಲ್ಲಿ. ಹಾಗಾಗಿ 1850ರದನ್ನೂ 1860, 1870ರದನ್ನೂ ನೋಡಿ ಮಕ್ಕಳೆಂದು ತೀರ್ಮಾನಿಸಬೇಡಿ, ಅವರು ಸಾಕಿಕೊಂಡ ನೆಂಟರ ಮಕ್ಕಳಿರಬಹುದು.

ದತ್ತು ವಿಷಯಕ್ಕೆ ನ್ಯೂಜೆರ್ಸಿಯ ಫ್ರೀಲಿಂಗ್‌ಹೈಸನ್ ಮನೆತನ ಒಳ್ಳೆಯ ಉದಾಹರಣೆ. 1844ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಥಿಯೋಡರ್, ಮುಂದೆ ವಿದೇಶಾಂಗ ಕಾರ್ಯದರ್ಶಿಯಾದ ಫ್ರೆಡರಿಕ್‌ಗೆ ಸ್ವಂತ ದೊಡ್ಡಪ್ಪ, ದತ್ತು ತಂದೆಯೂ ಹೌದು. ಗ್ರಾಂಪ್ಸ್‌ನಲ್ಲಿ ಹೆತ್ತವರ ಕುಟುಂಬ, ದತ್ತು ಕುಟುಂಬ ಎರಡಕ್ಕೂ ಸೇರಿಸಿ, ಎರಡನೆಯದರಲ್ಲಿ ಸಂಬಂಧದ ಬಗೆಯನ್ನು ‘ದತ್ತು’ ಎಂದು ಬದಲಿಸಿ. ಹಾಗೆಯೇ ಬಿಟ್ಟರೆ ಅದು ಹೆತ್ತ ಮಗನೆಂದೇ ಇರುತ್ತದೆ.

ಉತ್ತರ: ತಲೆಮಾರು

11 ಅಧ್ಯಕ್ಷರ ಮಾತು: ಅದರಲ್ಲಿ ಐದು ರಕ್ತಸಂಬಂಧ, ಆರು ಮದುವೆಯಿಂದ ಬಂದದ್ದು ಎಂದು ಹೇಳುತ್ತಾರೆ. ಕಡತಕ್ಕೆ ಸಂಖ್ಯೆಯನ್ನು ಹಾಕಬೇಡಿ. ತಂದೆತಾಯಿ–ಮಕ್ಕಳ ಕೊಂಡಿಗಳನ್ನು ಒಂದೊಂದಾಗಿ ದಾಖಲೆಯೊಂದಿಗೆ ಹಾಕಿ, ನೆಂಟಸ್ತಿಕೆ ಲೆಕ್ಕದಿಂದ ತಾನಾಗಿ ಬರಲಿ. ಕೊಂಡಿ ಸಿಗದಿದ್ದರೆ ಆ ನೆಂಟಸ್ತಿಕೆ ನಿಮ್ಮ ಕಡತದಲ್ಲಿ ಇಲ್ಲ ಎಂದೇ ಅರ್ಥ. ಅಧ್ಯಕ್ಷರಾಗಿದ್ದ ಮ್ಯಾಡಿಸನ್ ಮತ್ತು ಜಕಾರಿ ಟೇಲರ್ ಎರಡನೇ ದರ್ಜೆಯ ಕಸಿನ್‌ಗಳು ಎಂಬುದು ಹೀಗೆ ಸುಲಭವಾಗಿ ನಿಲ್ಲುತ್ತದೆ, ಮ್ಯಾಡಿಸನ್‌ನ ತಂದೆಯ ತಾಯಿ ಫ್ರಾನ್ಸಿಸ್ ಟೇಲರ್.

ದೂರದ ನೆಂಟಸ್ತಿಕೆಗೆ ಬೆರಗಾಗಬೇಕಿಲ್ಲ. 1620ರಿಂದ 1640ರ ನಡುವೆ ನ್ಯೂ ಇಂಗ್ಲೆಂಡಿಗೆ ಬಂದವರು ಸುಮಾರು 20,000. ಹತ್ತು ತಲೆಮಾರು ಹಿಂದೆ ಪ್ರತಿಯೊಬ್ಬರಿಗೂ 1,024 ಸ್ಥಾನ. ಒಬಾಮಾ ಮತ್ತು ಆಗ ಉಪಾಧ್ಯಕ್ಷನಾಗಿದ್ದ ಡಿಕ್ ಚೇನಿ ಎಂಟನೇ ದರ್ಜೆಯ ಕಸಿನ್‌ಗಳು ಎಂದು 2007ರಲ್ಲಿ ಸುದ್ದಿಯಾಯಿತು. ಅವರ ಮೂಲಪುರುಷ, 17ನೇ ಶತಮಾನದ ಮೇರಿಲ್ಯಾಂಡಿನ ಮರೀನ್ ಡುವಾಲ್, ಅಧ್ಯಕ್ಷ ಟ್ರೂಮನ್‌ಗೂ ಪೂರ್ವಜ.

ಉತ್ತರ: ಮೊಂಟಿಚೆಲ್ಲೊ

ರ‍್ಯಾಂಡಾಲ್ಫ್ ಕಡತ ಇಷ್ಟಕ್ಕೇ ನಿಂತರೆ ಅಪೂರ್ಣ. ಹೆಮಿಂಗ್ಸ್ ಕವಲನ್ನು ಸೇರಿಸಲೇಬೇಕು, ಟಿಪ್ಪಣಿಯಲ್ಲಲ್ಲ, ವೃಕ್ಷದಲ್ಲೇ.

ಜಾರ್ಜ್ ವಿಥ್‌ನ ಪಟ್ಟಿಯಲ್ಲಿ ಜೆಫರ್ಸನ್‌ನ ಹೆಂಡತಿ ಮಾರ್ಥಾ ವೇಲ್ಸ್ 7, ಆಕೆಯ ತಂದೆ ಜಾನ್ ವೇಲ್ಸ್ 14. ಅವನು ಗುಲಾಮಳಾಗಿ ಇಟ್ಟುಕೊಂಡಿದ್ದ ಎಲಿಜಬೆತ್ ಹೆಮಿಂಗ್ಸ್‌ಳಲ್ಲಿ ಹುಟ್ಟಿದ ಮಗಳು ಸ್ಯಾಲಿ ಹೆಮಿಂಗ್ಸ್, ಅಂದರೆ 7ಕ್ಕೆ ತಂದೆ ಒಬ್ಬನೇ ಆದ ತಂಗಿ. ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸ್ ತನ್ನ ತಂದೆ ಜೆಫರ್ಸನ್ ಎಂದು 1873ರಲ್ಲಿ ಹೇಳಿಕೆ ಕೊಟ್ಟ. 1998ರಲ್ಲಿ, ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮ್‌ನ ಪರೀಕ್ಷೆಯಾಯಿತು. ಜೆಫರ್ಸನ್‌ಗೆ ಹೆಂಡತಿ ಮಾರ್ಥಾಳಲ್ಲಿ ಬದುಕುಳಿದ ಗಂಡುಮಕ್ಕಳಿಲ್ಲದ ಕಾರಣ ಅವನ ತಂದೆಯ ಸೋದರ ಫೀಲ್ಡ್ ಜೆಫರ್ಸನ್‌ನ ಗಂಡು ಸಂತತಿಯ ಮಾದರಿ ತೆಗೆದುಕೊಂಡರು. ಸ್ಯಾಲಿಯ ಕಿರಿಯ ಮಗ ಎಸ್ಟನ್‌ನ ಸಂತತಿಗೆ ಅದು ತಾಳೆಯಾಯಿತು. ಈ ಪರೀಕ್ಷೆ ಒಂದೇ ತೋರಿಸುವುದು ‘ಜೆಫರ್ಸನ್ ಗಂಡುಸಾಲು’ ಎಂದು ಮಾತ್ರ. ಥಾಮಸ್ ಎಂಬ ತೀರ್ಮಾನ ನಿಂತಿರುವುದು ಅದರ ಜೊತೆಗೆ ಸ್ಯಾಲಿಯ ಹೆರಿಗೆಗಳಿಗೆ ಒಂಬತ್ತು ತಿಂಗಳ ಹಿಂದೆ ಅವನು ತನ್ನ ತೋಟದ ಮನೆ ಮೊಂಟಿಚೆಲ್ಲೊದಲ್ಲೇ ಇದ್ದ ದಾಖಲೆ ಮತ್ತು ಮಗನ ಹೇಳಿಕೆಯ ಮೇಲೆ. ಆಧಾರದ ಜಾಗದಲ್ಲಿ ಮೂರನ್ನೂ ಬೇರೆಬೇರೆಯಾಗಿ ನಮೂದಿಸಿ.

ಇಲ್ಲೂ ಎರಡು ದಾರಿ ಕೂಡುತ್ತವೆ. ಮಾರ್ಥಾ ಜೆಫರ್ಸನ್‌ಗೆ (3) ಮ್ಯಾಡಿಸನ್ ಮತ್ತು ಎಸ್ಟನ್ ತಂದೆಯ ಕಡೆಯಿಂದ ತಮ್ಮಂದಿರು, ತಾಯಿಯ ಕಡೆಯಿಂದ ಚಿಕ್ಕಮ್ಮನ ಮಕ್ಕಳು. ನಮ್ಮ ವರಸೆಯಲ್ಲಿ ಎರಡೂ ಕಡೆಯಿಂದ ತಮ್ಮಂದಿರೇ.

ಮ್ಯಾಡಿಸನ್‌ನ ಮಗಳು ಎಲೆನ್, ಆಕೆಯ ಮಗ ಫ್ರೆಡರಿಕ್ ಮ್ಯಾಡಿಸನ್ ರಾಬರ್ಟ್ಸ್. 1918ರಲ್ಲಿ ಕ್ಯಾಲಿಫೋರ್ನಿಯಾ ವಿಧಾನಸಭೆಗೆ ಆಯ್ಕೆಯಾದ ಮೊದಲ ಕಪ್ಪು ಸದಸ್ಯ. ಮೇಲಿನ ಕಸಿನ್ ಸೂತ್ರವನ್ನೇ ಹಾಕಿ: ಜೆಫರ್ಸನ್‌ನಿಂದ ಜಾರ್ಜ್ ವಿಥ್ ಎರಡನೇ ಮೆಟ್ಟಿಲು, ರಾಬರ್ಟ್ಸ್ ಮೂರನೆಯದು. ದಕ್ಷಿಣದವರ ಯುದ್ಧ ಕಾರ್ಯದರ್ಶಿಗೆ ರಾಬರ್ಟ್ಸ್ ಮೊದಲನೇ ದರ್ಜೆಯ ಕಸಿನ್, ಒಂದು ತಲೆಮಾರು ಕೆಳಗೆ, ಮೂಲಪುರುಷ ಒಬ್ಬನೇ, ಮೂಲಸ್ತ್ರೀ ಬೇರೆ.